ಕಂಬದ ಮೇಲೆ ನಿಂತ ಮನೆ



ಸೊರಬ ತಾಲ್ಲೂಕಿನ ಜಡೆಯ ಸೀಮೆಯಲ್ಲಿ ಹಳೆಯ ಮನೆಯೊಂದರ ವಿಸ್ತಾರವನ್ನು ಹೇಳಬೇಕಾದರೆ, ಅದು ಐದಂಕಣದ್ದು, ಇದು ಏಳಂಕಣದ್ದು ಎನ್ನುವ ವಾಡಿಕೆಯುಂಟು. ಅಂಕಣವೆಂದರೆ ಎರಡು ಕಂಬಗಳ ನಡುವಣ ಅವಕಾಶ. ಗೋಡೆಯಿಂದಲ್ಲದೆ ಮರದಿಂದ ಮನೆಯನ್ನು ಅಳೆಯುವ ಈ ಮಾತಿನಲ್ಲಿಯೇ ನಮ್ಮ ಪೂರ್ವಿಕರ ಗೃಹನಿರ್ಮಾಣದ ಮರ್ಮವು ಅಡಗಿದೆ.

ಇಂತಹ ಮನೆಯಲ್ಲಿ ಮಾಡಿನ ಭಾರವನ್ನು ಮುಖ್ಯವಾಗಿ ಹೊರುವುದು ಮಣ್ಣಿನ ಗೋಡೆಯಲ್ಲ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಹೀಗೆ ಭಾರವು ಮೆಟ್ಟಿಲುಮೆಟ್ಟಿಲಾಗಿ ಇಳಿದು ನೆಲವನ್ನು ಸೇರುತ್ತದೆ. ಆದುದರಿಂದಲೇ ಆಷಾಢದ ಜಡಿಮಳೆಗೆ ಒಂದು ಗೋಡೆ ಕುಸಿದರೂ ಮನೆ ನಿಂತಿರುತ್ತದೆ. ಮಳೆ ಹೋದಮೇಲೆ ಮಣ್ಣು ಕಲಸಿ ಗೋಡೆಯನ್ನು ಮತ್ತೆ ಏರಿಸಬಹುದು. ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಅರಮನೆಯೆಂದು ಹೆಸರಾದ, ಈಗ ವಸ್ತುಸಂಗ್ರಹಾಲಯವಾಗಿರುವ ಕಟ್ಟಡದ ಭಾರಿ ಮರಗಂಬಗಳನ್ನು ನೋಡಿದವರಿಗೆ ಈ ವಿದ್ಯೆಯು ಅರಮನೆಗೂ ಸಲ್ಲುತ್ತಿದ್ದಿತೆಂಬುದು ತಿಳಿಯುವುದು.

ದೂರದ ಇಂಗ್ಲೆಂಡಿನ ಹಳ್ಳಿಗರೂ ಇದೇ ದಾರಿಯನ್ನು ಹಿಡಿದಿದ್ದರು. ಸಫೊಕ್ ಪ್ರಾಂತದ ಲ್ಯಾವೆನ್‌ಹ್ಯಾಮಿನಲ್ಲಿ ಐದುನೂರು ವರ್ಷಗಳಷ್ಟು ಹಳೆಯ ಓಕ್ ಮರದ ಮನೆಗಳು ಇಂದಿಗೂ ವಾಸಯೋಗ್ಯವಾಗಿವೆ. ಅಲ್ಲಿ ಹಸಿಮರವನ್ನೇ ಕೆತ್ತಿ, ಒಂದರ ತುದಿಯನ್ನು ಇನ್ನೊಂದರ ಕುಳಿಯಲ್ಲಿ ಕೂಡಿಸಿ, ಮರದ ಬೆಣೆ ಹೊಡೆಯುತ್ತಿದ್ದರು. ಮರ ಒಣಗಿದಂತೆ ಕೂಡುಗಳು ಬಿಗಿಯುತ್ತಿದ್ದವು. ನಡುವಣ ತೆರಪಿಗೆ ಕಡ್ಡಿಯ ತಡಿಕೆ, ಅದರ ಮೇಲೆ ಮಣ್ಣಿನ ಮೆತ್ತಿಗೆ.

ಎರಡು ದೇಶಗಳ ಈ ಮನೆಗಳಿಗೂ ವೈರಿ ಒಂದೇ. ಅದು ಮರದೊಳಗೆ ನಿಂತ ತೇವ. ನಮ್ಮವರು ಕಂಬದ ಬುಡಕ್ಕೆ ಕಲ್ಲನ್ನಿಟ್ಟುದೂ, ಸೂರನ್ನು ಗೋಡೆಯಿಂದಾಚೆಗೆ ಚಾಚಿದುದೂ ಇದಕ್ಕಾಗಿಯೇ. ಮಣ್ಣಿನ ಗೋಡೆಯು ನೀರನ್ನು ಹೀರಿದರೂ ಬಿಸಿಲಿಗೆ ಬಿಟ್ಟುಕೊಡುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನವರು ಭದ್ರತೆಗೆಂದು ಇಂತಹ ಮನೆಗಳಿಗೆ ಸಿಮೆಂಟು ಬಳಿದರು. ಬಿರುಕಿನಿಂದ ಒಳಹೊಕ್ಕ ನೀರು ಹೊರಬರಲು ದಾರಿಯಿಲ್ಲದೆ, ಶತಮಾನಗಳನ್ನು ಕಂಡ ಓಕ್ ತೊಲೆಗಳು ಒಳಗೊಳಗೇ ಕೊಳೆತವು. ಈಗ ಆ ಸಿಮೆಂಟನ್ನು ಕೆತ್ತಿ ತೆಗೆದು ಸುಣ್ಣದ ಗಾರೆಗೆ ಮರಳುತ್ತಿದ್ದಾರೆ.

ನಾವಾದರೋ ಅವರು ಬಿಟ್ಟ ತಪ್ಪನ್ನೇ ಹಿಡಿಯುತ್ತಿದ್ದೇವೆ. ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿ, ಅದರಲ್ಲಿ ಹುದುಗಿದ ಕಂಬವು ಕೊಳೆತಾಗ ಮರವನ್ನು ಹಳಿಯುತ್ತೇವೆ. ಕಡೆಗೆ ಮನೆಯನ್ನು ಕೆಡವಿ ಗಟ್ಟಿಯುಳಿದ ಕಂಬಗಳನ್ನು ಪಟ್ಟಣದವರ ಅಲಂಕಾರಕ್ಕೆ ಮಾರುವುದೂ ಉಂಟು. ಅಂತಹ ಬೀಟೆ, ಹೊನ್ನೆ, ಸಾಗುವಾನಿಗಳು ಹಣ ಕೊಟ್ಟರೂ ಇಂದು ಸುಲಭವಾಗಿ ದೊರೆಯವು.

ಹಳೆಯ ಮನೆಯುಳ್ಳವರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಮಳೆಗಾಲಕ್ಕೆ ಮುನ್ನ ಒಡೆದ ಹೆಂಚನ್ನು ಬದಲಾಯಿಸಿರಿ, ಕಂಬದ ಬುಡವನ್ನು ಒಣಗಿಸಿಡಿರಿ, ಮಣ್ಣಿನ ಗೋಡೆಗೆ ಮಣ್ಣನ್ನೋ ಸುಣ್ಣವನ್ನೋ ಬಳಿಯಿರಿ. ಇಷ್ಟನ್ನು ನಡೆಸಿದರೆ ಅಜ್ಜನು ನಿಲ್ಲಿಸಿದ ಕಂಬಕ್ಕೆ ಮೊಮ್ಮಕ್ಕಳೂ ಒರಗಿ ಕೂರಬಹುದು.