ಚಿನ್ನದ ಗಣಿಯೂ ಋಣವಿಮೋಚನೆಯೂ

 

ಇಂದು ಬಂಗಾರಪೇಟೆಯೆಂದು ಕರೆಯಲ್ಪಡುವ ಊರು ಪೂರ್ವದಲ್ಲಿ ಬೌರಿಂಗ್‌ಪೇಟೆಯೆನಿಸಿದ್ದಿತು. ಅಲ್ಲಿಂದ ಮಾರಿಕುಪ್ಪಮಿನವರೆಗೆ ಹೋಗುವ ಕವಲು ರೈಲುದಾರಿಯ ಬಳಿಯಲ್ಲಿಯೇ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಮೊದಲಾದ ಚಿನ್ನದ ಗಣಿಗಳಿದ್ದುವು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಮೊದಲು ಹರಿದು ಬಂದುದು ಈ ಗಣಿಗಳಿಗೇ. ಭೂಮಿಯೊಳಗೆ ಮೂರು ಕಿಲೋಮೀಟರುಗಳಿಗೂ ಮಿಕ್ಕ ಆಳದಲ್ಲಿ ಬಿಸಿಯನ್ನೂ ಧೂಳನ್ನೂ ಬಂಡೆ ಸಿಡಿಯುವ ಭಯವನ್ನೂ ಸಹಿಸಿ ಕೆಲಸಗಾರನು ಹೊನ್ನನ್ನು ಅಗೆದನು. ಆದರೆ ಆ ಹೊನ್ನು ಅವನದಾಗಿರಲಿಲ್ಲ. ಅವನದು ಕೂಲಿ ಮಾತ್ರವೇ. ಆ ಕೂಲಿಯೂ ಅನೇಕ ವೇಳೆ ಅವನ ಮನೆಯನ್ನು ಸೇರುವುದಕ್ಕೆ ಮೊದಲೇ ಸಾಲಗಾರರ ಪಾಲಾಗುತ್ತಿದ್ದಿತು. ಚಿನ್ನವನ್ನು ಅಗೆದವನು ಹೆಂಡತಿಯ ಕಿವಿಯೋಲೆಯನ್ನು ಗಿರವಿ ಇಡಬೇಕಾಗಿ ಬಂದುದಕ್ಕಿಂತ ವಿಪರ್ಯಾಸವುಂಟೇ?

ಬಡ್ಡಿಯ ಗತಿಯನ್ನು ಬಲ್ಲವರು ಕಡಮೆ. ತಿಂಗಳಿಗೆ ರೂಪಾಯಿಗೆ ಒಂದಾಣೆಯ ಬಡ್ಡಿಯೆಂದರೆ ಕೇಳುವುದಕ್ಕೆ ಅಲ್ಪವಾಗಿ ತೋರುವುದು. ನೂರು ರೂಪಾಯಿ ಸಾಲಕ್ಕೆ ಅದು ತಿಂಗಳಿಗೆ ಆರು ರೂಪಾಯಿ ನಾಲ್ಕಾಣೆ, ವರುಷಕ್ಕೆ ೭೫ ರೂಪಾಯಿ. ಇಷ್ಟನ್ನು ಕೊಟ್ಟರೂ ಅಸಲು ಕದಲದು. ಬಡ್ಡಿಯನ್ನು ಕೊಡದೆ ಅಸಲಿಗೆ ಸೇರಿಸಿದರೆ ವರುಷ ತುಂಬುವಷ್ಟರಲ್ಲಿ ನೂರು ಇನ್ನೂರನ್ನು ಮೀರುವುದು. ಆಣೆಗಳ ಕಾಲ ಹೋಯಿತು. ಶೇಕಡಾವಾರು ಬಡ್ಡಿ ಬಂದಿತು, ವಾರದ ಕಂತು ಬಂದಿತು. ಗಣಿತವು ಮಾತ್ರ ಬದಲಾಗಲಿಲ್ಲ. ಸಣ್ಣ ಸಾಲದ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯಲು ೨೦೨೫ರಲ್ಲಿ ಕರ್ನಾಟಕ ಸರಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಇಂತಹ ಸಂದರ್ಭದಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆಯನ್ನು ಹೇಳುವುದು ವಾಡಿಕೆ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದರು. ಒಂದು ದಿನ ಮಾರಯ್ಯನು ಎಂದಿಗಿಂತಲೂ ಹೆಚ್ಚು ಅಕ್ಕಿಯನ್ನು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಅವನನ್ನು ಹಿಂದಿರುಗಿ ಕಳುಹಿದಳು. ಕಥೆಯು ದೊಡ್ಡದು. ಆದರೆ ಕೂಲಿ ಸಾಲದ ಮನೆಯವನ ಮುಂದೆ ಇದನ್ನು ಹೇಳಿ, ಆಸೆಯನ್ನು ಬಿಡೆಂದು ಬೋಧಿಸುವುದು ಯುಕ್ತವಲ್ಲ. ಲಕ್ಕಮ್ಮನು ಹಿಂದಕ್ಕೆ ಕಳುಹಿದುದು ಮಿಕ್ಕ ಅಕ್ಕಿಯನ್ನು; ಅಂದಿನ ಅಡಿಗೆಗೆ ಬೇಕಾದ ಅಕ್ಕಿಯನ್ನಲ್ಲ. ಮಗುವಿನ ಜ್ವರಕ್ಕಾಗಿ ಸಾಲ ಮಾಡಿದವನನ್ನು ಆಸೆಬುರುಕನೆನ್ನುವುದು ಶರಣಧರ್ಮವಾಗದು. ಆ ಮನೆಯಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು: ದಿನಕ್ಕೆ ಎಷ್ಟು ಬೇಕೆಂಬ ಅಳತೆಯು ಗೃಹಿಣಿಗೆ ತಿಳಿದಿದ್ದಿತು, ಅವಳ ಮಾತು ನಡೆಯುತ್ತಿದ್ದಿತು. ಗಂಡನು ಮಾಡಿದ ಸಾಲವು ಸಾಲಗಾರನು ಬಾಗಿಲಿಗೆ ಬಂದ ದಿನವೇ ಹೆಂಡತಿಗೆ ತಿಳಿಯುವ ಮನೆಗಳು ಎಷ್ಟಿಲ್ಲ! ಮದುವೆಗೆ ಎರಡು ವರುಷದ ಸಂಬಳವನ್ನು ವ್ಯಯಿಸುವವರಿಗಾದರೋ ಲಕ್ಕಮ್ಮನ ಕಥೆಯನ್ನು ಧಾರಾಳವಾಗಿ ಹೇಳಬಹುದು.

ನ್ಯಾಯವಾದ ಸಾಲವು ದೊರೆಯದೆ ಅನ್ಯಾಯದ ಸಾಲವು ಬಿಡದು. ಗದಗಿನ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ೧೯೦೫ರಲ್ಲಿ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದುದರ ಮರ್ಮವು ಇದೇ. ಒಬ್ಬೊಬ್ಬರಾಗಿ ಸಾಹುಕಾರನ ಬಾಗಿಲಲ್ಲಿ ನಿಲ್ಲುತ್ತಿದ್ದವರು ಒಟ್ಟಾಗಿ ತಮ್ಮ ಹಣವನ್ನೇ ಕೂಡಿಹಾಕಿ, ಒಬ್ಬರಿಗೊಬ್ಬರು ಹೊಣೆಯಾಗಿ ಸಾಲ ಪಡೆದರು. ಸಾಲಗಾರನನ್ನು ನೆರೆಯವರು ಬಲ್ಲರು. ಏತಕ್ಕಾಗಿ ಕೇಳುತ್ತಾನೆಂಬುದನ್ನೂ ಬಲ್ಲರು. ಬಡ್ಡಿಯ ಲಾಭವು ಸಂಘದಲ್ಲಿಯೇ ಉಳಿಯುವುದು. ದಾಸೋಹದ ಉಗ್ರಾಣವನ್ನು ನಡೆಸಬಲ್ಲ ಮಠಗಳು ಭಕ್ತರಿಗೆ ಇಂತಹ ಸಂಘವೊಂದರ ಲೆಕ್ಕವನ್ನು ಕಲಿಸಬಾರದೇಕೆ?

ಗಣಿಗಳು ೧೯೫೬ರಲ್ಲಿ ಮೈಸೂರು ಸರಕಾರದ ವಶಕ್ಕೂ ಬಳಿಕ ಕೇಂದ್ರ ಸರಕಾರದ ವಶಕ್ಕೂ ಬಂದು, ೨೦೦೧ರ ಫೆಬ್ರವರಿ ೨೮ರಂದು ಮುಚ್ಚಲ್ಪಟ್ಟುವು. ತಿಂಗಳ ಸಂಬಳವು ನಿಂತ ಮನೆಗೆ ಇಡಿಗಂಟು ಬಂದಾಗ ಅದು ಐಶ್ವರ್ಯದಂತೆ ಕಾಣುವುದು ಸಹಜ. ಎರಡು ಲಕ್ಷ ರೂಪಾಯಿಯನ್ನು ಇಪ್ಪತ್ತು ವರುಷಗಳ ೨೪೦ ತಿಂಗಳಿಗೆ ಹಂಚಿದರೆ ತಿಂಗಳಿಗೆ ೮೩೩ ರೂಪಾಯಿಯಾಗುವುದು. ಈ ಭಾಗಾಕಾರವನ್ನು ಮಾಡಿಕೊಂಡವನು ಗಂಟನ್ನು ಗಂಟೆಂದು ಕಾಣನು, ಸಂಬಳವೆಂದು ಕಾಣುವನು. ಹಳೆಯ ಸಾಲದಲ್ಲಿ ಅತಿ ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸುವನು, ಮಿಕ್ಕುದರಲ್ಲಿ ಮಕ್ಕಳ ವಿದ್ಯೆಗೆ ಬೇರೆ ತೆಗೆದಿಡುವನು. ದಾಸೋಹದ ಪಾಲು ಇದಾದಮೇಲೆ ಬರಲಿ. ಬಡ್ಡಿಗೆ ತಂದ ಹಣದಲ್ಲಿ ಮಾಡಿದ ದಾಸೋಹವು ಸಾಲಕೊಟ್ಟವನ ದಾಸೋಹವೇ ಹೊರತು ಭಕ್ತನದಲ್ಲ.

ಗಣಿ ಮುಚ್ಚಿದ ಮೇಲೆ ಆ ಕವಲು ದಾರಿಯ ರೈಲುಗಳು ನಸುಕಿನಲ್ಲಿಯೇ ಜನರನ್ನು ತುಂಬಿಕೊಂಡು ಬೆಂಗಳೂರಿನ ಕೆಲಸಗಳಿಗೆ ಒಯ್ಯತೊಡಗಿದುವು. ರಾತ್ರಿ ಮನೆಗೆ ಮರಳುವ ಆ ದುಡಿಮೆಗಾರನ ಜೇಬಿನಲ್ಲಿ ಒಂದು ಸಣ್ಣ ಲೆಕ್ಕದ ಪುಸ್ತಕವಿರಲಿ, ಅದನ್ನು ಬರೆಯುವಾಗ ಹೆಂಡತಿಯೂ ಪಕ್ಕದಲ್ಲಿ ಕುಳಿತಿರಲಿ.