ಕಮಾನು ಬದಲಿಸಿದ ಮೇಲೆ ಚಕ್ರ ನೋಡಿಸಿ
(ಹಾಲು ಸಾಗಿಸುವ ಗಾಡಿ ಇಟ್ಟುಕೊಂಡಿರುವ ಸದಸ್ಯರಿಗೆ ಮಾಡಿದ ಭಾಷಣ)



ದನದ ಡಾಕ್ಟರಿಗೆ ಲಾರಿಯ ಉಸಾಬರಿ ಏಕೆಂದು ತಾವು ನಗಬಹುದು. ಕ್ಯಾನಿನಲ್ಲಿ ಬಿಸಿ ಹಾಲು ತುಂಬಿಕೊಂಡ ಗಾಡಿ ದಾರಿಯಲ್ಲಿ ನಿಂತರೆ ಒಡೆಯುವುದು ಊರಿನವರೆಲ್ಲರ ಹಾಲು. ಅದಕ್ಕಾಗಿ ಹೇಳುತ್ತಿದ್ದೇನೆ.

ಮುಂದಿನ ಕಮಾನು ಪಟ್ಟಿ, ಕಿಂಗ್ ಪಿನ್, ಟೈ ರಾಡ್ ಎಂಡ್, ಯಾವುದನ್ನು ಬದಲಿಸಿದರೂ ವೀಲ್ ಅಲೈನ್‌ಮೆಂಟ್ ನೋಡಿಸಲೇಬೇಕು. "ಸ್ಟೇರಿಂಗ್ ನೆಟ್ಟಗಿದೆಯಲ್ಲ" ಎಂದು ಬಿಡಬೇಡಿ. ಗೊರಸು ಓರೆಯಾಗಿ ಬೆಳೆದ ಹಸುವೂ ಮೇವು ತಿನ್ನುತ್ತಲೇ ಇರುತ್ತದೆ. ಕುಂಟಿದಾಗಲೇ ನಾವು ಬಗ್ಗಿ ನೋಡುವುದು. ಎರಡು ಮುಂಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ಹೆಚ್ಚು ತಿರುಗಿದ್ದರೆ ಟೈರು ಉರುಳುವುದರ ಜೊತೆಗೆ ರಸ್ತೆಗೆ ಉಜ್ಜಿಕೊಂಡೂ ಹೋಗುತ್ತದೆ. ಮೆಕ್ಯಾನಿಕ್‌ಗಳು ಈ ತಿರುವಿಗೆ ಟೋ ಎನ್ನುತ್ತಾರೆ. ಗಾಡಿ ನಿಲ್ಲಿಸಿ ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಸವರಿ. ಒಂದು ದಿಕ್ಕಿಗೆ ನುಣುಪಾಗಿದ್ದು, ವಾಪಸು ಬರುವಾಗ ಗರಗಸದಂತೆ ತಡೆದರೆ ಟೋ ತಪ್ಪಿರುವ ಸಂಭವವೇ ಹೆಚ್ಚು.

ಸಾದಾ ಬೀಮ್ ಆಕ್ಸಲ್ ಗಾಡಿಯಲ್ಲಿ ಟೈ ರಾಡ್ ತಿರುಗಿಸಿ ಸರಿಮಾಡಬಹುದಾದ್ದು ಟೋ ಒಂದನ್ನೇ. ಕಮಾನಿನ ಸೆಂಟರ್ ಬೋಲ್ಟಿನ ತಲೆ ಅದರ ಗುಳಿಯಲ್ಲಿ ಸರಿಯಾಗಿ ಕೂರದಿದ್ದರೆ ಆಕ್ಸಲೇ ಓರೆಯಾಗಿ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಯಾವ ಯಂತ್ರವೂ ಅದನ್ನು ಟೋ ತಿರುಗಿಸಿ ಮುಚ್ಚಲಾರದು. ಆದ್ದರಿಂದ ಮೊದಲು ಬೋಲ್ಟ್ ನೋಡಿಸಿ. ಸ್ವಲ್ಪ ದೂರ ಓಡಿಸಿ ಕಮಾನು ಕೂತ ಮೇಲೆ ಯು-ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡಿಸಿ, ಟೈರುಗಳಿಗೆ ಸರಿಯಾದ ಗಾಳಿ ತುಂಬಿಸಿ, ಆಮೇಲೆ ಅಲೈನ್‌ಮೆಂಟ್‌ಗೆ ಹೋಗಿ.

ಪಕ್ಕದ ಮನೆಯ ಗಾಡಿಯ ಅಳತೆ ತಮ್ಮದಕ್ಕೆ ನಡೆಯದು, ಕಂಪನಿಯ ಪುಸ್ತಕ ಜೊತೆಗೊಯ್ಯಿರಿ. ಮುಂಚಿನ ಅಳತೆ, ನಂತರದ ಅಳತೆ ಎರಡನ್ನೂ ಬರೆಸಿಕೊಂಡೇ ಹಣ ಕೊಡಿ.