ಸೀರೆಯೊಳಗಿನ ಲೆಕ್ಕ

(ಸಂಘದ ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರಳಲ್ಲ. ಧಾರವಾಡದಲ್ಲಿ ಬಿ.ಕಾಂ. ಓದಿ, ಮುಂಬಯಿಯ ಫೋರ್ಟಿನ ಬ್ಯಾಂಕೊಂದರಲ್ಲಿ ಹನ್ನೆರಡು ವರ್ಷಗಳಿಂದ ಗುಮಾಸ್ತೆಯಾಗಿ ಜಮಾ ಖರ್ಚು ನೋಡಿಕೊಂಡಿರುವವಳು. ಮಹಿಳೆಯರ ಆರೋಗ್ಯದ ಬಗೆಗೆ ನಾಲ್ಕು ಮಾತು ಆಡಬೇಕೆಂದು ನಮ್ಮ ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ನಾನು ಆರಿಸಿಕೊಂಡ ವಿಷಯವನ್ನು ತಿಳಿಸಿದಾಗ ಅವರು ಒಂದು ಗಳಿಗೆ ಸುಮ್ಮನಾದರು. ವಿಷಯ, ತೊಡೆ.

ಈ ಶಬ್ದವನ್ನು ಸಭೆಯಲ್ಲಿ ಉಚ್ಚರಿಸಲು ಸಂಕೋಚವೇಕೆ? ರನ್ನನ ಗದಾಯುದ್ಧವೆಲ್ಲ ದುರ್ಯೋಧನನ ತೊಡೆಯ ಕಡೆಗೇ ನಡೆಯುತ್ತದೆ. ಹೆಣ್ಣಿನ ತೊಡೆಯನ್ನು ಬಾಳೆಯ ಕಂಬಕ್ಕೆ ಹೋಲಿಸಿ ನಮ್ಮ ಕವಿಗಳು ಎಂದೂ ದಣಿದವರಲ್ಲ. ಆದರೆ ಆ ಬಾಳೆಯ ಕಂಬ ಬಾಡಿ ಜೋತುಬಿದ್ದರೆ ಮಾಡುವುದೇನೆಂದು ಯಾವ ಕವಿಯೂ ಹೇಳಿದ ಹಾಗಿಲ್ಲ. ಆ ಕೆಲಸ ಒಬ್ಬ ಗುಮಾಸ್ತೆಯ ಪಾಲಿಗೆ ಬಂದಿದೆ. ಹಿರಿಯರು ಕ್ಷಮಿಸಬೇಕು.

ನಾಲ್ಕು ವರ್ಷಗಳ ಕೆಳಗೆ ನನ್ನ ತೂಕ 104 ಕಿಲೊ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ ಎಂದು ವೈದ್ಯರು ಎಚ್ಚರಿಸಿದರು. ಅಂದಿನಿಂದ ತಟ್ಟೆಯಲ್ಲಿ ಅನ್ನ ಇಳಿಯಿತು, ರೊಟ್ಟಿಗೆ ಲೆಕ್ಕ ಬಂತು, ಡೊಂಬಿವಲಿ ನಿಲ್ದಾಣದಿಂದ ಮನೆಗೆ ರಿಕ್ಷಾ ತಪ್ಪಿ ನಡಿಗೆ ಆಯಿತು. ಎರಡೂವರೆ ವರ್ಷದಲ್ಲಿ 38 ಕಿಲೊ ಹೋಯಿತು. ಬ್ಯಾಂಕಿನಲ್ಲಿಯೂ ಇದೇ ಸಂಘದಲ್ಲಿಯೂ ನೀವೆಲ್ಲ ಬಾಯಿ ತುಂಬ ಹೊಗಳಿದಿರಿ. ಆದರೆ ಅದು ಬಟ್ಟೆಯ ಮೇಲಿನಿಂದ ಕಂಡ ಹೊಗಳಿಕೆ. 38 ಕಿಲೊ ಹೋದರೂ ಅದನ್ನು ಹೊದ್ದಿದ್ದ ಚರ್ಮ ಹೋಗಲಿಲ್ಲ. ಎರಡೂ ತೊಡೆಗಳ ಒಳಭಾಗದಲ್ಲಿ ಅದು ಮಡಿಕೆ ಮಡಿಕೆಯಾಗಿ ಮೊಳಕಾಲಿನವರೆಗೆ ಜೋತುಬಿದ್ದಿತು.

ಮುಂಬಯಿಯ ಸೆಕೆ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಲೋಕಲ್ಲಿನ ಮಹಿಳಾ ಡಬ್ಬಿಯಲ್ಲಿ ಮೂವರ ಆಸನದಲ್ಲಿ ನಾಲ್ಕನೆಯವಳಾಗಿ ಅಂಚಿಗೆ ಕುಳಿತು, ಕಾಲು ಒತ್ತಿ ಹಿಡಿದುಕೊಂಡು ಬರುವಷ್ಟರಲ್ಲಿ ಆ ಮಡಿಕೆಗಳು ಬೆವರಿನಲ್ಲಿ ನೆನೆದಿರುತ್ತವೆ. ಬಳಿಕ ನಿಲ್ದಾಣದ ಸೇತುವೆಯ ಮೆಟ್ಟಿಲುಗಳು. ಚರ್ಮಕ್ಕೆ ಚರ್ಮ ಉಜ್ಜಿ ಸಂಜೆಯ ಹೊತ್ತಿಗೆ ಹಸಿಗಾಯ. ಜೂನಿನಿಂದ ಸೆಪ್ಟೆಂಬರದವರೆಗೆ ಮಳೆಯಲ್ಲಿ ಅದೇ ಜಾಗದಲ್ಲಿ ಹುಳುಕಡ್ಡಿ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಪುಡಿ ಹಚ್ಚುವಾಗ ನನ್ನ ಒಂಬತ್ತು ವರ್ಷದ ಮಗಳು, “ಅಮ್ಮಾ, ನೀನು ಯಾವಾಗಲೂ ಬಾಗಿಲು ಯಾಕೆ ಹಾಕಿಕೊಳ್ತೀ?” ಎಂದು ಹೊರಗಿನಿಂದ ಕೇಳುತ್ತಿದ್ದಳು. ನಾನು ಉತ್ತರ ಕೊಡುತ್ತಿರಲಿಲ್ಲ.

ತೊಡೆಯ ಹೆಚ್ಚಿನ ಚರ್ಮವನ್ನು ಕತ್ತರಿಸಿ ಬಿಗಿಯಾಗಿ ಹೊಲಿಯುವ ಶಸ್ತ್ರಕ್ರಿಯೆಯೊಂದುಂಟು, ಅದಕ್ಕೆ ಥೈ ಲಿಫ್ಟ್ ಎನ್ನುತ್ತಾರೆ ಎಂದು ತಿಳಿದದ್ದು ಆಗಲೇ. ಊರಿಗೆ ಹೋದಾಗ ಅವ್ವನ ಮುಂದೆ ಮೆಲ್ಲನೆ ಹೇಳಿದೆ. ಅವ್ವ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, “ಸೀರಿ ಉಟ್ಟರ ಯಾರಿಗೆ ಕಾಣಸ್ತದವಾ? ಸುಮ್ಮನ ರೊಕ್ಕಾ ಯಾಕ ಹಾಳು ಮಾಡ್ತಿ?” ಎಂದಳು. ನಮ್ಮ ಯಜಮಾನರು, “ನಿನ್ನ ಮೈ, ನಿನ್ನ ಸಂಬಳ, ನಾನು ಬೇಡ ಅನ್ನೋದಿಲ್ಲ” ಎಂದರು. ಬೇಡವೆನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. ತೀರ್ಮಾನ ನನ್ನ ಮೇಜಿಗೇ ಬಂತು.

ಮೊದಲು ಹೋದದ್ದು ಉಪನಗರದ ಒಂದು ಖಾಸಗಿ ಚಿಕಿತ್ಸಾಲಯಕ್ಕೆ. ವೈದ್ಯರಿಗಿಂತ ಮುಂಚೆ ಒಬ್ಬ ಹುಡುಗಿ ಬಂದು ‘ಮುಂಚಿನ–ನಂತರದ’ ಚಿತ್ರಗಳನ್ನು ತೋರಿಸಿದಳು. 2,40,000 ರೂಪಾಯಿ ಎಂದಳು; ತಿಂಗಳ ಕಂತೂ ಉಂಟು, ಈ ವಾರದಲ್ಲಿಯೇ ನಿಶ್ಚಯಿಸಿದರೆ ರಿಯಾಯಿತಿಯೂ ಉಂಟು ಎಂದಳು. ಹನ್ನೆರಡು ವರ್ಷ ಸಾಲದ ಕಾಗದ ನೋಡಿದವಳು ನಾನು. ಅವಸರಪಡಿಸುವವನ ಕೈಯಲ್ಲಿ ಸಹಿ ಹಾಕಬಾರದೆಂಬಷ್ಟು ತಿಳಿವಳಿಕೆ ನನಗಿತ್ತು. ಎದ್ದು ಬಂದೆ.

ಎರಡನೆಯ ಸಲ ಹೋದದ್ದು ಒಂದು ದೊಡ್ಡ ಬೋಧನಾ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ. ಮೂರು ತಾಸು ಕಾದೆ. ಅಲ್ಲಿನ ಶಸ್ತ್ರವೈದ್ಯೆ ಚಿತ್ರ ತೋರಿಸಲಿಲ್ಲ, ಪ್ರಶ್ನೆ ಕೇಳಿದರು. ತೂಕ ನಿಂತು ಎಷ್ಟು ದಿನವಾಯಿತು? ಇನ್ನೊಂದು ಮಗುವಿನ ಆಲೋಚನೆ ಇದೆಯೇ? ರಕ್ತದ ಸಕ್ಕರೆ ಎಷ್ಟು? ಮನೆಯಲ್ಲಿ ನೋಡಿಕೊಳ್ಳುವವರು ಯಾರು? ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದರು.

ಬಹಳ ಕಾಲ ಹಿಗ್ಗಿದ ಚರ್ಮದ ಸ್ಥಿತಿಸ್ಥಾಪಕ ತಂತುಗಳು ಹರಿದುಹೋಗಿರುತ್ತವೆ. ವ್ಯಾಯಾಮದಿಂದ ಸ್ನಾಯು ಬೆಳೆದೀತೇ ಹೊರತು ಚರ್ಮ ಮೊದಲಿನಂತೆ ಕುಗ್ಗದು. ಎಣ್ಣೆ, ಲೇಪಗಳೂ ಅದನ್ನು ಸರಿಮಾಡಲಾರವು. ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ಕೊಬ್ಬನ್ನು ತೆಗೆದೀತು, ಚರ್ಮವನ್ನಲ್ಲ. ತೊಡೆಯ ಈ ಶಸ್ತ್ರಕ್ರಿಯೆಯನ್ನು 1957ರಲ್ಲಿ ಲೂಯಿಸ್ ಎಂಬ ಅಮೆರಿಕದ ವೈದ್ಯರು ವಿವರಿಸಿದರು. ಆದರೆ ಹೊಲಿದ ಗೆರೆ ಭಾರಕ್ಕೆ ಕೆಳಗೆ ಜಗ್ಗುವುದು, ಅಗಲವಾಗುವುದು, ಗುಪ್ತಾಂಗದ ಬಳಿಯ ಚರ್ಮವನ್ನು ಎಳೆಯುವುದು, ಇವೆಲ್ಲ ಬಹುಕಾಲ ಕಾಡಿದವು. 1988ರಲ್ಲಿ ಲಾಕ್‌ವುಡ್ ಎಂಬವರು ಹೊಲಿಗೆಯನ್ನು ಚರ್ಮಕ್ಕಷ್ಟೇ ಬಿಡದೆ ಒಳಗಿನ ಗಟ್ಟಿ ಪೊರೆಗೆ ಕಟ್ಟುವ ಕ್ರಮವನ್ನು ತಂದ ಮೇಲೆ ಆ ತೊಂದರೆ ಬಹುಮಟ್ಟಿಗೆ ತಗ್ಗಿತು.

ತಗ್ಗಿತು, ತೀರಲಿಲ್ಲ. ನನ್ನಂತೆ ಬಹಳ ತೂಕ ಇಳಿದವರಿಗೆ ತೊಡೆಸಂದಿನಿಂದ ಮೊಳಕಾಲಿನ ಸಮೀಪದವರೆಗೆ ಉದ್ದ ಗೆರೆ ಬೀಳುತ್ತದೆ. ವರ್ಷ, ಒಂದೂವರೆ ವರ್ಷದಲ್ಲಿ ಅದು ಮಾಸೀತು, ಅಳಿಯದು. ನಮ್ಮಂತಹ ಕಂದು ಮೈಬಣ್ಣದವರಲ್ಲಿ ಗೆರೆ ಕಪ್ಪಾಗಿ, ದಪ್ಪಗಟ್ಟುವ ಸಂಭವ ಹೆಚ್ಚು. ಸದಾ ತೇವವಿರುವ ಜಾಗವಾದ್ದರಿಂದ ಗಾಯ ಬಾಯಿಬಿಡುವುದು, ಕೀವಾಗುವುದು, ಒಳಗೆ ನೀರು ಕಟ್ಟುವುದು ಅಪರೂಪವಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಅಪರೂಪವಾದರೂ ಪ್ರಾಣಕ್ಕೆ ಅಪಾಯ. ಮೇಜಿನ ಕೆಲಸಕ್ಕೆ ಮರಳಲು ಎರಡು ಮೂರು ವಾರ, ಭಾರದ ಕೆಲಸಕ್ಕೆ ಆರು ವಾರ, ಅಷ್ಟು ದಿನವೂ ಬಿಗಿಯಾದ ಒಳ ಉಡುಪು. “ನಿಮ್ಮ ತೂಕ ಇನ್ನೂ ಇಳಿಯುತ್ತಿದೆ. ಒಂದು ವರ್ಷ ಅಲುಗಾಡದೆ ನಿಂತರೆ ಬನ್ನಿ” ಎಂದು ಅವರು ಕಳುಹಿಸಿಕೊಟ್ಟರು.

ಆ ವರ್ಷವೇ ನನಗೆ ದೊರೆತ ದೊಡ್ಡ ಲಾಭ. ನಮ್ಮ ಕಸುಬಿನವರು ಗೊಂದಲವಾದಾಗ ಮಾಡುವುದನ್ನೇ ಮಾಡಿದೆ. ಒಂದು ವಹಿಯಲ್ಲಿ ಎರಡು ಅಂಕಣ ಎಳೆದೆ. ಒಂದರ ತಲೆಯ ಮೇಲೆ ‘ಚರ್ಮದ ದುಃಖ’, ಇನ್ನೊಂದರ ಮೇಲೆ ‘ಕಣ್ಣಿನ ದುಃಖ’. ಉರಿ, ಗಾಯ, ಮಳೆಗಾಲದ ಹುಳುಕಡ್ಡಿ, ಮೆಟ್ಟಿಲು ಇಳಿಯುವ ಕಷ್ಟ ಮೊದಲನೆಯದಕ್ಕೆ. ಕನ್ನಡಿ, ಯಜಮಾನರ ಮೌನ, ಯಾರೋ ಹಳೆಯ ಗೆಳತಿ ಮಾಡಿದ ತಮಾಷೆ, ಮಗಳ ಮುಂದೆ ಹಾಕಿದ ಬಾಗಿಲು ಎರಡನೆಯದಕ್ಕೆ. ಬರೆದು ನೋಡಿದರೆ ಎರಡನೆಯ ಅಂಕಣವೇ ಉದ್ದವಾಗಿತ್ತು! ನಾನು ಎಲ್ಲರಿಗೂ ‘ಉರಿಗಾಗಿ’ ಎಂದು ಹೇಳುತ್ತಿದ್ದೆ. ಅರ್ಧಕ್ಕಿಂತ ಹೆಚ್ಚು ಖರ್ಚನ್ನು ತಪ್ಪು ಖಾತೆಗೆ ಹಾಕಿದ್ದೆ.

ಚತುರ ಶಸ್ತ್ರವೈದ್ಯರೂ ಚರ್ಮದ ಖಾತೆಯನ್ನಷ್ಟೇ ತೀರಿಸಬಲ್ಲರು. ನಾಚಿಕೆ ಇದ್ದ ಜಾಗದಲ್ಲಿ ಉದ್ದನೆಯ ಗೆರೆ ಬರುತ್ತದೆ. ಬಾಗಿಲು ಹಾಕಿಕೊಳ್ಳುವವಳು ಆ ಗೆರೆಗೂ ಬಾಗಿಲು ಹಾಕಿಕೊಂಡಾಳು. ಹಾಗಾಗಿ ಒಂದು ದಿನ ಮಗಳನ್ನು ಒಳಕ್ಕೆ ಕರೆದು ತೋರಿಸಿದೆ. ಅವಳು ಬೆರಳಿನಿಂದ ಮುಟ್ಟಿ, “ನೋಯ್ತದಾ?” ಎಂದು ಕೇಳಿದಳು. ಅಷ್ಟೇ. ಎರಡನೆಯ ಅಂಕಣದಿಂದ ಒಂದು ಬಾಬು ಒಂದು ರೂಪಾಯಿ ಖರ್ಚಿಲ್ಲದೆ ವಜಾ ಆಯಿತು.

ಮೊದಲನೆಯ ಅಂಕಣಕ್ಕೂ ಅಗ್ಗದ ಉಪಾಯಗಳಿದ್ದವು. ಸಲ್ವಾರಿನ ಒಳಗೆ ಮೊಳಕಾಲುದ್ದದ ಹತ್ತಿಯ ಚಡ್ಡಿ. ಉಜ್ಜುವ ಜಾಗಕ್ಕೆ ವ್ಯಾಸಲೀನು. ಬ್ಯಾಂಕಿನಲ್ಲಿ ಬದಲಿಸಲು ಒಣ ಬಟ್ಟೆ. ಸೋದರಿಯರು ಒಂದು ಮಾತು ನೆನಪಿಡಬೇಕು. ಹುಳುಕಡ್ಡಿಗೆಂದು ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನ ತುರಿಕೆ ನಿಂತಂತೆ ಕಂಡರೂ ರೋಗ ಹರಡುತ್ತದೆ, ಚರ್ಮ ತೆಳುವಾಗುತ್ತದೆ. ಚರ್ಮವೈದ್ಯರಿಗೆ ತೋರಿಸಿಯೇ ಔಷಧ ಹಚ್ಚಬೇಕು.

ಇನ್ನು ಹಣದ ಮಾತು. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಇವುಗಳ ನಂತರ ಅಂಗವನ್ನು ಮರುರಚಿಸುವುದಕ್ಕೆ, ಇಲ್ಲವೇ ಆರೋಗ್ಯದ ನೇರವಾದ ಅಪಾಯವನ್ನು ನೀಗಲು ಅವಶ್ಯವೆಂದು ವೈದ್ಯರು ಪ್ರಮಾಣಪತ್ರ ಕೊಟ್ಟಾಗ ಮಾತ್ರ ಆರೋಗ್ಯ ವಿಮೆ ಇಂತಹದಕ್ಕೆ ಹಣ ಕೊಡುತ್ತದೆ. 2017ರಲ್ಲಿ ಬಂದ ಜಿ.ಎಸ್.ಟಿ.ಯೂ ವೈದ್ಯಸೇವೆಗೆ ವಿನಾಯಿತಿ ಕೊಟ್ಟು ಸೌಂದರ್ಯ ಶಸ್ತ್ರಕ್ರಿಯೆಯನ್ನು ಹೊರಗಿಟ್ಟಿತು. ನನ್ನ ವಿಮೆಯವರು ಒಂದೇ ಸಾಲಿನಲ್ಲಿ ಇಲ್ಲವೆಂದರು. ಆದ್ದರಿಂದ ಅಂದಾಜು ಕೇಳುವಾಗ ಅರಿವಳಿಕೆ, ಕೋಣೆ, ಔಷಧ, ಉಡುಪು, ತೆರಿಗೆ ಎಲ್ಲ ಸೇರಿ ಎಷ್ಟು, ಗಾಯ ಬಾಯಿಬಿಟ್ಟು ಎರಡನೆಯ ಸಲ ಹೊಲಿಯಬೇಕಾದರೆ ಯಾರ ಖರ್ಚು, ಎಂದು ಬರೆಸಿಕೊಳ್ಳಿ. ಕತ್ತಿ ಹಿಡಿಯುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪದವಿ ಪಡೆದವರೇ, ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ಉಂಟೇ, ನೋಡಿಕೊಳ್ಳಿ.

ಅವಶ್ಯಕವೋ ಅಲಂಕಾರವೋ ಎಂಬ ಈ ಗೆರೆ ಹಳೆಯದು. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸಜೀ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗು ಕಳೆದುಕೊಂಡ. ಪುಣೆಯ ಬಳಿ ದೇಶೀ ಕುಶಲಿಯೊಬ್ಬ ಅವನ ಹಣೆಯ ಚರ್ಮವನ್ನೇ ತಿರುಗಿಸಿ ಹೊಸ ಮೂಗು ಕಟ್ಟಿದ. ಆ ಸಂಗತಿ 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಝೀನಿನಲ್ಲಿ ಅಚ್ಚಾಯಿತು. ಅದನ್ನು ಅನುಸರಿಸಿ 1814ರಲ್ಲಿ ಕಾರ್ಪ್ಯೂ ಎಂಬ ವೈದ್ಯರು ಅಲ್ಲಿಯೂ ಮೂಗು ಕಟ್ಟಿದರು. ನಮ್ಮ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ಎನ್. ಎಚ್. ಅಂಟಿಯಾ ಅವರು ಈ ವಿದ್ಯೆಯಿಂದಲೇ ಕುಷ್ಠರೋಗಿಗಳಿಗೆ ಮುಖವನ್ನೂ ಕೈಗಳನ್ನೂ ಮರಳಿ ಕೊಟ್ಟರು. ಅವರ ಮುಂದೆ ನನ್ನ ತೊಡೆ ಯಾವ ಲೆಕ್ಕ ಎಂದು ಬಹಳ ದಿನ ನಾಚಿದೆ. ಆದರೆ ಇನ್ನೊಬ್ಬರ ದೊಡ್ಡ ಸಾಲದಿಂದ ನಮ್ಮ ಚಿಕ್ಕ ಸಾಲ ತೀರುವುದಿಲ್ಲವಷ್ಟೆ!

ವರ್ಷ ಕಳೆಯಿತು. ತೂಕ 66ರಲ್ಲಿ ನಿಂತಿತು. ಎರಡನೆಯ ಅಂಕಣವನ್ನು ಪೂರ್ತಿಯಾಗಿ ಹೊಡೆದುಹಾಕಿ, ಮೊದಲನೆಯದರಲ್ಲಿ ಉಳಿದದ್ದನ್ನು ಕೂಡಿಸಿದೆ. ಉಪಾಯಗಳಿಂದ ಬೇಸಗೆಯ ಉರಿ ಬಹಳ ತಗ್ಗಿತ್ತು. ಮಳೆಗಾಲದ ಗಾಯ ತಗ್ಗಿರಲಿಲ್ಲ. ಈ ಸಲದ ಮಳೆಯಲ್ಲಿಯೂ ಎರಡು ಬಾರಿ ಹಾಸಿಗೆ ಹಿಡಿದೆ. ಆದ್ದರಿಂದ ಬರುವ ಜನವರಿಯಲ್ಲಿ, ಬೆವರು ಕಡಿಮೆಯಿರುವ ದಿನಗಳಲ್ಲಿ, ಆ ಬೋಧನಾ ಆಸ್ಪತ್ರೆಯ ವೈದ್ಯೆಯ ಕೈಯಲ್ಲಿಯೇ ಮಾಡಿಸಿಕೊಳ್ಳಲು ನಿಶ್ಚಯಿಸಿದ್ದೇನೆ. ಸಾಲವಿಲ್ಲ; ಠೇವಣಿ ಮುರಿಸಿದ್ದೇನೆ, ರಜೆ ಬರೆದುಕೊಟ್ಟಿದ್ದೇನೆ. ಹೆದರಿಕೆ ಇಲ್ಲವೆಂದರೆ ಸುಳ್ಳಾದೀತು.

ಇದೇ ಲೋಕಲ್ಲಿನಲ್ಲಿ ಬರುವ ನನ್ನ ಕನ್ನಡದ ಗೆಳತಿಯೊಬ್ಬಳು ಇದೇ ಸ್ಥಿತಿಯವಳು. ಅವಳೂ ಎರಡು ಅಂಕಣ ಬರೆದಳು. ಅವಳ ಚರ್ಮದ ಖಾತೆಯಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಬೇಡವೆಂದಳು. ಅವಳ ಲೆಕ್ಕವೂ ಸರಿ, ನನ್ನದೂ ಸರಿ. ಮಾಡಿಸಿಕೊಂಡವಳನ್ನು ಷೋಕಿಯವಳೆಂದೂ, ಮಾಡಿಸಿಕೊಳ್ಳದವಳನ್ನು ಹಳ್ಳಿಯವಳೆಂದೂ ಆಡಿಕೊಳ್ಳಬಾರದೆಂದಷ್ಟೇ ನನ್ನ ವಿನಂತಿ.

ಅವ್ವನಿಗೆ ಕಳೆದ ವಾರ ಫೋನಿನಲ್ಲಿ ತಿಳಿಸಿದೆ. ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, “ಜನವರಿಯೊಳಗ ನಾನ ಬರ್ತೀನಿ. ಅಡಿಗಿ ಯಾರು ಮಾಡ್ತಾರ?” ಎಂದಳು.